ಮಗಳನ್ನು ಕಳಿಸಿ, ಹಿಂಡುವ ಎಮ್ಮೆ ಮಾರಬೇಡಿ



ಕೆಚ್ಚಲು ಬಾವು, ಜಂತಿನ ಔಷಧ, ಕಾಲುಬಾಯಿ ಲಸಿಕೆ ಎಂದು ಬರೆಯುವ ಪುಟದಲ್ಲಿ ಪಾಸ್‌ಪೋರ್ಟು, ವೀಸಾ ಎಲ್ಲಿಂದ ಬಂದವು ಎಂದು ನೀವು ಕೇಳಬಹುದು. ಅವು ನಿಮ್ಮ ಕೊಟ್ಟಿಗೆಯ ಬಾಗಿಲಿಗೇ ಬಂದಿವೆ, ಅದಕ್ಕೇ ಬರೆಯುತ್ತಿದ್ದೇನೆ. ಕಲಬುರಗಿಯಲ್ಲಿ ಓದುವ ನಿಮ್ಮ ಮಕ್ಕಳು ಈಗೀಗ ಊರಿಗೆ ಬಂದಾಗ ‘ವಿದೇಶ ಅಧ್ಯಯನ ಪ್ರವಾಸ’ ಎಂಬ ಮಾತು ತರುತ್ತಿದ್ದಾರೆ. ಎಂಟು ಹತ್ತು ದಿನ, ಒಂದೋ ಎರಡೋ ದೇಶ, ಅಲ್ಲಿನ ಒಂದು ಕಾಲೇಜು, ಒಂದೆರಡು ಕಾರ್ಖಾನೆ ಇಲ್ಲವೆ ಫಾರ್ಮು, ಕೊನೆಗೆ ಒಂದು ಸರ್ಟಿಫಿಕೇಟು. ಖರ್ಚು ಒಂದೂವರೆ ಲಕ್ಷ, ಎರಡು ಲಕ್ಷ ಎನ್ನುತ್ತಾರೆ. ಅಷ್ಟು ರೊಕ್ಕ ಹೈನದ ಮನೆಯಲ್ಲಿ ಒಮ್ಮೆಲೇ ಎಲ್ಲಿರುತ್ತದೆ? ಎಲ್ಲರ ಕಣ್ಣು ಹೋಗುವುದು ಗೂಟಕ್ಕೆ ಕಟ್ಟಿದ ಎಮ್ಮೆಯ ಮೇಲೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಕ್ಕಳು ಹೋಗಲಿ, ಅದರಲ್ಲೂ ಹೆಣ್ಣುಮಕ್ಕಳು ಹೋಗಲೇಬೇಕು. ಆದರೆ ಹಿಂಡುವ ಎಮ್ಮೆ ಮಾರಿ ಕಳಿಸುವ ಪ್ರವಾಸಕ್ಕೆ ನಾನು ವಿರೋಧಿ. ‘ಇದು ದನದ ಡಾಕ್ಟರು ಹೇಳುವ ಮಾತಲ್ಲ’ ಎನ್ನುವವರಿಗೆ ಒಂದೇ ಉತ್ತರ: ಮಾರುವ ಮೊದಲು ದನ ತೋರಿಸಿ ರೇಟು ಕೇಳುವುದು ನಮ್ಮನ್ನೇ.

ಕಮಲಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೋದ ವರ್ಷ ಲಸಿಕೆ ಹಾಕಲು ಹೋಗಿದ್ದೆ. ಒಬ್ಬ ತಾಯಿ ಸೂಜಿ ಚುಚ್ಚಿಸಿದ ಮೇಲೂ ಎಮ್ಮೆಯ ಹಗ್ಗ ಬಿಡದೆ ನಿಂತೇ ಇದ್ದರು. ಕೊನೆಗೆ ಮೆಲ್ಲಗೆ ಕೇಳಿದರು, “ಡಾಕ್ಟ್ರೆ, ಈ ಎಮ್ಮಿ ಎಷ್ಟಕ್ಕ ಹೋಗ್ತದ್ರಿ?” ಎಮ್ಮೆಗೆ ಎರಡನೆಯ ಸೂಲು, ಈದು ಎರಡು ತಿಂಗಳು. ಹೊತ್ತಿಗೆ ಮೂರು ಲೀಟರು ಕೊಡುತ್ತಿತ್ತು. ಇಂಥ ಹೊತ್ತಿನಲ್ಲಿ ಯಾರೂ ಎಮ್ಮೆ ಮಾರುವುದಿಲ್ಲ. ಯಾಕವ್ವ ಎಂದೆ. “ಮಗಳು ಫಾರಿನ್‌ಕ ಹೊಂಟಾಳ್ರಿ. ಕಾಲೇಜಿನವರು ಒಂದೂವರಿ ಲಕ್ಷ ಅಂದಾರ. ಎಮ್ಮಿ ಮಾರಿ, ಉಳಿದದ್ದಕ್ಕ ಬಂಗಾರ ಇಡಬೇಕಂತ ಮಾಡೀವ್ರಿ.” ಗಿರಾಕಿಯೂ ಸಿಕ್ಕಿದ್ದ, 75 ಸಾವಿರಕ್ಕೆ ಮಾತಾಗಿತ್ತು.

ಅಲ್ಲೇ ಕಲ್ಲಿನ ಮೇಲೆ ಕುಳಿತು ನಾವಿಬ್ಬರೂ ಲೆಕ್ಕ ಹಾಕಿದೆವು. ನೀವೂ ನಿಮ್ಮ ಮನೆಯ ಎಮ್ಮೆಗೆ ಇದನ್ನು ಹಾಕಿ ನೋಡಿ. ಈಗ ಆರು ಲೀಟರ್ ಕೊಟ್ಟರೂ ಬರುಬರುತ್ತಾ ಇಳಿಯುತ್ತದೆ, ಆದ್ದರಿಂದ ಸರಾಸರಿ ಐದು ಲೀಟರ್ ಹಿಡಿಯಿರಿ. ಹಿಂಡುವ ದಿನ 300. ಅಂದರೆ ಒಂದು ಸೂಲಿಗೆ 1500 ಲೀಟರ್. ಫ್ಯಾಟಿನ ಮೇಲೆ ದರ ಏರಿಳಿಯುತ್ತದೆ, ಲೆಕ್ಕಕ್ಕೆ ಲೀಟರಿಗೆ 45 ರೂಪಾಯಿ ಇಟ್ಟುಕೊಳ್ಳೋಣ. 67,500 ರೂಪಾಯಿ ಆಯಿತು. ಹಿಂಡಿ, ಪಶು ಆಹಾರ, ಕಣಿಕೆ, ಔಷಧಕ್ಕೆ ಅರ್ಧ ಕಳೆಯಿರಿ. ಕೈಯಲ್ಲಿ ಉಳಿಯುವುದು 33 ಸಾವಿರದ ಮೇಲೆ. ಇನ್ನೂ ಮೂರು ಸೂಲು ಆರಾಮವಾಗಿ ಹಿಂಡಬಹುದಾದ ಎಮ್ಮೆ ಅದು. ಒಂದು ಲಕ್ಷದ ಹಾಲು ಕೊಟ್ಟು, ಕರು ಕೊಟ್ಟು, ಗೊಬ್ಬರ ಕೊಟ್ಟು, ಕೊನೆಗೆ ಮಾರಿದರೂ ಬೆಲೆ ಬರುವ ಜೀವ. ಅವಸರಕ್ಕೆ ಮಾರುವವರಿಗೆ ಒಂದು ರೇಟು, ಮತ್ತೆ ಕೊಳ್ಳಲು ಹೋದರೆ ಇನ್ನೊಂದು ರೇಟು ಎಂಬುದು ಸಂತೆಗೆ ಹೋದ ಎಲ್ಲರಿಗೂ ಗೊತ್ತು.

ಇದಕ್ಕಿಂತ ದೊಡ್ಡ ಮಾತು ಬೇರೆ ಇತ್ತು. ಆ ಹುಡುಗಿ ಶಹಾಬಜಾರದಲ್ಲಿ ಮೂವರು ಗೆಳತಿಯರ ಜೊತೆ ರೂಮು ಮಾಡಿಕೊಂಡು ಓದುತ್ತಾಳೆ. ರೂಮಿನ ಬಾಡಿಗೆ, ಬಸ್ಸಿನ ಖರ್ಚು, ಪರೀಕ್ಷೆ ಫೀ, ಗ್ಯಾಸು, ಎಲ್ಲವೂ ಬರುತ್ತಿದ್ದದ್ದು ಸಂಘದ ಹಾಲಿನ ಬಿಲ್ಲಿನಿಂದ. ಎಮ್ಮೆ ಹೋದರೆ ಬಿಲ್ಲು ನಿಲ್ಲುತ್ತದೆ. ಹತ್ತು ದಿನ ಹೋಗಿ ಬಂದ ಹುಡುಗಿ ಹನ್ನೊಂದನೆಯ ದಿನ ಬಾಡಿಗೆ ಯಾರ ಹತ್ತಿರ ಕೇಳಬೇಕು? ಪ್ರವಾಸ ಮುಗಿಯುವ ಹೊತ್ತಿಗೆ ಓದೇ ನಿಂತುಹೋದರೆ ಅದನ್ನು ಅಧ್ಯಯನ ಪ್ರವಾಸ ಎನ್ನಲು ಬರುತ್ತದೆಯೇ?

ಆ ಹುಡುಗಿ ಆ ಸಲ ಹೋಗಲಿಲ್ಲ. ಎರಡು ದಿನ ಮನೆಯಲ್ಲಿ ಯಾರ ಜೊತೆಗೂ ಮಾತಾಡಲಿಲ್ಲವಂತೆ. ಅವಳ ಬೇಜಾರು ಸುಳ್ಳಲ್ಲ. ಜೊತೆಯವರು ವಿಮಾನದ ಮುಂದೆ ನಿಂತ ಫೋಟೊ ಹಾಕುವಾಗ ತಾನು ಊರಲ್ಲಿ ಬಕೆಟ್ ಹಿಡಿದು ಕುಳಿತಿರುವುದು ಇಪ್ಪತ್ತು ವರ್ಷದ ಜೀವಕ್ಕೆ ಸಣ್ಣ ವಿಷಯವಲ್ಲ. ‘ನಿನಗ್ಯಾಕೆ ಬೇಕಿತ್ತು ಫಾರಿನ್ನು’ ಎಂದು ಅವಳನ್ನು ಬೈದ ನೆಂಟರ ಜೊತೆ ನಾನಿಲ್ಲ. ಅವಳು ಆಸೆಪಟ್ಟದ್ದು ಸರಿಯಾಗಿಯೇ ಇತ್ತು. ಅದರ ಖರ್ಚನ್ನು ಎಮ್ಮೆಯ ಮೇಲೆ ಹೊರಿಸಿದ್ದು ಸರಿ ಇರಲಿಲ್ಲ.

ಹೊರದೇಶಕ್ಕೆ ಓದಲು ಹೋಗಿ ದೊಡ್ಡವರಾದವರು ಯಾರ ರೊಕ್ಕದಲ್ಲಿ ಹೋದರು ಎಂದು ಒಮ್ಮೆ ನೋಡಿ. ಬಾಬಾಸಾಹೇಬ ಅಂಬೇಡ್ಕರರು 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾ ಮಹಾರಾಜರು ಕೊಟ್ಟ ವಿದ್ಯಾರ್ಥಿವೇತನದಿಂದ. ನಮ್ಮದೇ ರಾಜ್ಯದ ರಾಜೇಶ್ವರಿ ಚಟರ್ಜಿಯವರು 1947ರಲ್ಲಿ, ಸ್ವಾತಂತ್ರ್ಯಕ್ಕೆ ಇನ್ನೂ ಒಂದು ತಿಂಗಳೂ ಇಲ್ಲದಾಗ, ಸೈನಿಕರನ್ನು ಸಾಗಿಸುತ್ತಿದ್ದ ಹಡಗೊಂದರಲ್ಲಿ ಮೂವತ್ತು ದಿನ ಪ್ರಯಾಣ ಮಾಡಿ ಅಮೆರಿಕಕ್ಕೆ ಹೋದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿ, 1953ರಲ್ಲಿ ಬೆಂಗಳೂರಿಗೆ ಮರಳಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ಕರೆಯುತ್ತಾರೆ. ಅವರು ಹೋದದ್ದೂ ಸರಕಾರದ ವಿದ್ಯಾರ್ಥಿವೇತನದಿಂದಲೇ.

ಇನ್ನು ವರ್ಗೀಸ್ ಕುರಿಯನ್. ಹಾಲು ಹಾಕುವ ಯಾರಿಗೂ ಈ ಹೆಸರು ಹೊಸದಲ್ಲ, ಆದರೆ ಅವರೂ ಒಮ್ಮೆ ಸರಕಾರದ ಖರ್ಚಿನಲ್ಲಿ ಹೊರದೇಶಕ್ಕೆ ಹೋದ ವಿದ್ಯಾರ್ಥಿ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಡೇರಿ ಎಂಜಿನಿಯರಿಂಗ್ ಓದಲೆಂದು ಸರಕಾರ ಅವರನ್ನು ಅಮೆರಿಕದ ಮಿಷಿಗನ್ನಿಗೆ ಕಳಿಸಿತು. ಅವರಿಗೆ ಹಾಲಿನಲ್ಲಿ ಆಸಕ್ತಿಯೇ ಇರಲಿಲ್ಲ. ಸರಕಾರಕ್ಕೆ ಬರೆದುಕೊಟ್ಟ ಬಾಂಡ್ ಇತ್ತಲ್ಲ, ಅದಕ್ಕಾಗಿ 1949ರಲ್ಲಿ ಗುಜರಾತಿನ ಆನಂದಕ್ಕೆ ಬಂದರು. ಬಾಂಡ್ ಮುಗಿಸಿ ಓಡಿಹೋಗಬೇಕೆಂದಿದ್ದವರನ್ನು ಖೇಡಾ ಹಾಲು ಒಕ್ಕೂಟದ ಅಧ್ಯಕ್ಷ ತ್ರಿಭುವನದಾಸ ಪಟೇಲರು ನಿಲ್ಲಿಸಿಕೊಂಡರು. ಮಿಷಿಗನ್ನಿನಲ್ಲಿ ಪರಿಚಯವಾದ ಎಚ್.ಎಂ. ದಲಾಯ ಎಂಬ ಗೆಳೆಯರನ್ನು ಕುರಿಯನ್ ಆನಂದಕ್ಕೆ ಕರೆತಂದರು. ಎಮ್ಮೆಯ ಹಾಲಿನಿಂದ ಪುಡಿ ಮಾಡಲು ಬರುವುದಿಲ್ಲ ಎಂದು ಹೊರದೇಶದ ತಜ್ಞರು ಹೇಳುತ್ತಿದ್ದ ಕಾಲವದು. ಅವರ ದೇಶಗಳಲ್ಲಿ ಇದ್ದದ್ದು ಆಕಳು ಮಾತ್ರ, ಎಮ್ಮೆಯ ಹಾಲು ಅವರಿಗೇನು ಗೊತ್ತು. ದಲಾಯರು ಮಾಡಿ ತೋರಿಸಿದರು. 1955ರಲ್ಲಿ ಆನಂದದ ಕಾರ್ಖಾನೆಯನ್ನು ನೆಹರೂ ಉದ್ಘಾಟಿಸಿದರು. ಇವತ್ತು ನಿಮ್ಮ ಎಮ್ಮೆಯ ಹಾಲನ್ನು ಮಳೆಗಾಲದಲ್ಲೂ ಬೇಸಿಗೆಯಲ್ಲೂ ಸಂಘ ವಾಪಸು ಕಳಿಸದೆ ತೆಗೆದುಕೊಳ್ಳುತ್ತದಲ್ಲ, ಹೆಚ್ಚಾದ ಹಾಲನ್ನು ಪುಡಿ ಮಾಡಿ ಇಡುವ ಆ ದಾರಿ ತೆರೆದದ್ದು ಹೀಗೆ.

ಇವರಲ್ಲಿ ಯಾರಿಗೂ ಹೋಗಿಬರಲು ಮನೆಯ ದನ ಮಾರುವ ಗತಿ ಬರಲಿಲ್ಲ. ಓದು ಊರಿಗೆ ಬೇಕಾದದ್ದು ಎಂದಾದರೆ ಅದರ ಖರ್ಚಿನಲ್ಲಿ ಊರಿನ ಪಾಲೂ ಇರಬೇಕು. ಈಗಲೂ ದಾರಿಗಳಿವೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಮಿ ಇಲ್ಲದ ಕೃಷಿ ಕೂಲಿಗಳು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರ ಸರಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಮನೆಯ ವರ್ಷದ ಆದಾಯ 8 ಲಕ್ಷದ ಒಳಗಿರಬೇಕು. ಅದರಲ್ಲಿ ನೂರಕ್ಕೆ 30 ಪಾಲು ಹೆಣ್ಣುಮಕ್ಕಳಿಗೇ ಮೀಸಲು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ನಮ್ಮ ರಾಜ್ಯದ ‘ಪ್ರಬುದ್ಧ’ ಯೋಜನೆ ಇದೆ. ಇವು ಹತ್ತು ದಿನದ ಪ್ರವಾಸಕ್ಕೆ ಸಿಗುವುದಿಲ್ಲ, ಪೂರ್ತಿ ಪದವಿ ಓದುವವರಿಗೆ. ಆದರೆ ಪದವಿ ಮುಗಿಸುತ್ತಿರುವ ಮಗಳ ಕಿವಿಗೆ ಈ ಹೆಸರುಗಳು ಈಗಲೇ ಬೀಳಲಿ. ಸಮಾಜ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೇಳಲಿ.

ಹತ್ತು ದಿನದ ಪ್ರವಾಸದ ವಿಷಯಕ್ಕೆ ಬಂದರೆ, ಕಾಲೇಜಿನವರು ಪಾಲಕರ ಸಭೆ ಕರೆಯುತ್ತಾರೆ. ಆ ಸಭೆಗೆ ಹೋಗುವವರು ಹೆಚ್ಚಾಗಿ ಗಂಡಸರು. ಕಾಗದದ ಮೇಲೆ ಸಹಿ ಮಾಡಿ ಬರುತ್ತಾರೆ. ದುಡಿದದ್ದು ನೀವು, ಕೇಳಬೇಕಾದವರೂ ನೀವು. ಹೋಗಿ. ಓದು ಬರಹ ಬರದಿದ್ದರೂ ಕೇಳಲು ಬಾಯಿ ಬರುತ್ತದೆ. ಎಷ್ಟು ದಿನ ಕಾಲೇಜು, ಕಾರ್ಖಾನೆ, ಫಾರ್ಮು, ಎಷ್ಟು ದಿನ ಬರೀ ಊರು ನೋಡುವುದು? ಅಲ್ಲಿ ಕಲಿಸುವವರು ಯಾರು, ಅವರು ಬರೆದ ಪತ್ರ ಎಲ್ಲಿದೆ? ಜೊತೆಗೆ ಹೋಗುವ ಮೇಡಂ ಯಾರು? ಮಗಳ ಮೈಗೆ ಆರಾಮ ತಪ್ಪಿದರೆ ವಿಮೆ ಎಷ್ಟರದು? ಹೋಗದಿದ್ದರೆ ಮಾರ್ಕ್ಸ್ ಕಡಿಮೆ ಆಗುತ್ತದೆಯೇ? ಈ ಕೊನೆಯ ಪ್ರಶ್ನೆ ಮರೆಯಬೇಡಿ. ಎಷ್ಟೋ ಮಕ್ಕಳು ಹೋಗದಿದ್ದರೆ ಫೇಲು ಮಾಡುತ್ತಾರೆಂದು ತಾವೇ ಹೆದರಿಕೊಂಡಿರುತ್ತಾರೆ.

ಇನ್ನೊಂದು ಪ್ರಶ್ನೆ ಇದೆ, ಅದು ಯುರೋಪಿಗೆ ಹೋಗುವವರಿಗೆ. ಜರ್ಮನಿ, ನೆದರ್ಲೆಂಡ್ಸ್, ಡೆನ್ಮಾರ್ಕ್ ಮೊದಲಾದ ದೇಶಗಳಿಗೆಲ್ಲ ಒಂದೇ ಬಗೆಯ ವೀಸಾ, ಅದಕ್ಕೆ ಷೆಂಗೆನ್ ಎನ್ನುತ್ತಾರೆ. ಅದರ ಫೀ 2024ರ ಜೂನ್‌ನಿಂದ 90 ಯೂರೊ. ಆದರೆ ಓದಿಗಾಗಿ ಇಲ್ಲವೆ ತರಬೇತಿಗಾಗಿ ಬರುವ ವಿದ್ಯಾರ್ಥಿಗಳಿಗೂ ಅವರ ಜೊತೆ ಬರುವ ಶಿಕ್ಷಕರಿಗೂ ಆ ಫೀ ಮಾಫಿ ಎಂದು ಅವರ ಕಾಯದೆಯಲ್ಲೇ ಇದೆ. ಅರ್ಜಿ ತೆಗೆದುಕೊಳ್ಳುವ ಏಜೆನ್ಸಿಯವರ ಸೇವಾ ಶುಲ್ಕ ಬೇರೆ, ಅದು ಬೀಳುತ್ತದೆ. ಹಾಗಿದ್ದ ಮೇಲೆ ಕಾಲೇಜಿನ ಖರ್ಚಿನ ಪಟ್ಟಿಯಲ್ಲಿ ವೀಸಾ ಫೀ ಪೂರ್ತಿ ಹಾಕಿದ್ದರೆ, “ಇದು ಓದಿನ ಪ್ರವಾಸ ಅಂದ್ರಲ್ರಿ, ಮತ್ತ ಫೀ ಯಾಕ್ರಿ?” ಎಂದು ಕೇಳಿ. ಸಿಗುವ ಉತ್ತರದಲ್ಲೇ ಅದು ಓದೋ ತಿರುಗಾಟವೋ ಗೊತ್ತಾಗುತ್ತದೆ. ತಿರುಗಾಟ ತಪ್ಪಲ್ಲ, ರೊಕ್ಕ ಇದ್ದವರು ತಿರುಗಲಿ. ಅದಕ್ಕೆ ಎಮ್ಮೆ ಮಾರಬಾರದು, ಅಷ್ಟೇ.

ಪಾಸ್‌ಪೋರ್ಟನ್ನು ಮಾತ್ರ ಪ್ರವಾಸ ಬರಲಿ ಬಿಡಲಿ ಈಗಲೇ ಮಾಡಿಸಿಬಿಡಿ. ದೊಡ್ಡವರಿಗೆ 36 ಪುಟದ ಪಾಸ್‌ಪೋರ್ಟಿನ ಫೀ 1500 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ಅವಸರಕ್ಕೆ ತತ್ಕಾಲ್ ಮಾಡಿಸಲು ಹೋದರೆ ಇನ್ನೂ 2000 ಹೆಚ್ಚು. ಪ್ರವಾಸದ ಸುದ್ದಿ ಬಂದ ಮೇಲೆ ಓಡಾಡುವವರು ಆ ಎರಡು ಸಾವಿರವನ್ನು ಸುಮ್ಮನೆ ಕೊಡುತ್ತಾರೆ. ಅರ್ಜಿಯನ್ನು ಮಗಳೇ ಮೊಬೈಲಿನಲ್ಲಿ ತುಂಬಬಹುದು, ಕಲಬುರಗಿಯಲ್ಲೇ ಕೇಂದ್ರವಿದೆ. ತೊಂದರೆ ಆಗುವುದು ಹೆಸರಿನಲ್ಲಿ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಒಂದು ಹೆಸರು, ಆಧಾರದಲ್ಲಿ ಅಪ್ಪನ ಹೆಸರು ಸೇರಿಸಿ ಇನ್ನೊಂದು, ಬ್ಯಾಂಕಿನಲ್ಲಿ ಮನೆತನದ ಹೆಸರಿನ ಜೊತೆ ಮತ್ತೊಂದು. ಹಳೆಯ ಕಾಗದದಲ್ಲಿ ಗುಲಬರ್ಗಾ, 2014ರ ನವೆಂಬರ್ ನಂತರದ್ದರಲ್ಲಿ ಕಲಬುರಗಿ. ಊರ ಹೆಸರಿಗೆ ಹೆಚ್ಚು ತಕರಾರು ಮಾಡುವುದಿಲ್ಲ, ಮಗಳ ಹೆಸರು ಮತ್ತು ಹುಟ್ಟಿದ ತಾರೀಖು ಎಲ್ಲ ಕಡೆ ಒಂದೇ ಇರಬೇಕು. ಪೊಲೀಸರು ಮನೆಗೆ ವಿಚಾರಣೆಗೆ ಬಂದರೆ ಗಾಬರಿಯಾಗಬೇಡಿ, ಅದು ಪಾಸ್‌ಪೋರ್ಟಿನ ಪದ್ಧತಿ. ಓಣಿಯವರು ಏನೆಂದುಕೊಂಡಾರೋ ಎಂದು ಮಗಳ ಅರ್ಜಿಯನ್ನೇ ಹಿಂದೆ ತೆಗೆಸಿದ ಮನೆಯೊಂದು ನನಗೆ ಗೊತ್ತು.

ವೀಸಾಕ್ಕೆ ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಬೆರಳಚ್ಚು ಕೊಡಬೇಕು. ಅಲ್ಲಿ ಕೇಳುವ ಕಾಗದಗಳಲ್ಲಿ ಕೆಲವು ತಿಂಗಳ ಬ್ಯಾಂಕ್ ಲೆಕ್ಕವೂ ಒಂದು. ಈ ಮನೆಗೆ ತಪ್ಪದೆ ಬರುವ ಆದಾಯ ಇದೆಯೇ, ಈ ಹುಡುಗಿ ಹೋದವಳು ವಾಪಸು ಬರುತ್ತಾಳೆಯೇ ಎಂದು ಅವರು ನೋಡುತ್ತಾರೆ. ನಿಮ್ಮ ಖಾತೆಗೆ ತಪ್ಪದೆ ಬೀಳುವ ಹಾಲಿನ ಬಿಲ್ಲು ಅದಕ್ಕೆ ಒಳ್ಳೆಯ ಸಾಕ್ಷಿ. ಹಾಲು ಹಾಕುವುದು ನೀವು, ಬಿಲ್ಲು ಗಂಡನ ಖಾತೆಗೆ ಹೋಗುತ್ತಿದ್ದರೆ ಸಂಘದ ಕಾರ್ಯದರ್ಶಿಗೆ ಹೇಳಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಮಗಳು ಎಲ್ಲಿಗೂ ಹೋಗದಿದ್ದರೂ ಇದು ಮಾಡಬೇಕಾದ ಕೆಲಸವೇ. ಎಮ್ಮೆ ಮಾರಿದ ರೊಕ್ಕ ಒಂದೇ ದಿನ ಖಾತೆಗೆ ಬಂದು ಬಿದ್ದರೆ, ಇದು ಎಲ್ಲಿಂದ ಬಂತು ಎಂದು ಅವರು ಕೇಳಬಹುದು. ಸಣ್ಣ ಸಣ್ಣದಾಗಿ ವರ್ಷವಿಡೀ ಬಂದ ರೊಕ್ಕಕ್ಕೆ ಅಲ್ಲಿ ತೂಕ ಹೆಚ್ಚು.

ಇನ್ನು ನನ್ನ ಕಸುಬಿನ ಮಾತು. ಶಹಾಬಜಾರದಲ್ಲಿ ನಾನಿರುವ ಓಣಿಯಲ್ಲೇ ಇದ್ದ ಇನ್ನೊಬ್ಬ ಹುಡುಗಿ, ಅವಳ ಊರೂ ಕಮಲಾಪುರದ ಕಡೆಯದೇ, ಈ ವರ್ಷ ಯುರೋಪಿಗೆ ಹೋಗಿಬಂದಳು. ಖರ್ಚಿನ ದೊಡ್ಡ ಪಾಲು ಅವಳ ಕಾಲೇಜು ಕೊಟ್ಟಿತ್ತು. ಹೊರಡುವ ಸಂಜೆ ಅವಳ ಅವ್ವ ಊರಿಂದ ಬಂದರು, ಕೈಯಲ್ಲಿ ಎರಡು ಕಿಲೋ ತುಪ್ಪದ ಡಬ್ಬಿ, ಒಂದು ಡಬ್ಬಿ ಪೇಡೆ, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಗೊನೆ ಕೆಂಪು ಬಾಳೆಹಣ್ಣು. ತುಪ್ಪ, ಪೇಡೆ ಎರಡನ್ನೂ ನಾನು ತೆಗೆಸಿದೆ. ಹೊರಗಿನಿಂದ ಬರುವವರ ಚೀಲದಲ್ಲಿ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಇರಕೂಡದು ಎಂಬುದು ಯುರೋಪಿನ ಕಟ್ಟುನಿಟ್ಟು. ನ್ಯೂಜಿಲೆಂಡಿನಲ್ಲಂತೂ ಹೇಳದೆ ತಿನ್ನುವ ಪದಾರ್ಥ ಒಯ್ದು ಸಿಕ್ಕಿಬಿದ್ದರೆ ಅಲ್ಲೇ 400 ಡಾಲರ್ ದಂಡ. ತಮಾಷೆ ಎಂದರೆ ಯುರೋಪಿನವರು ಕಾಗದಪತ್ರ ಕೇಳದೆ ಒಳಗೆ ಬಿಡುವ ಐದೇ ಹಣ್ಣುಗಳಲ್ಲಿ ಬಾಳೆಹಣ್ಣೂ ಒಂದು. ಕಮಲಾಪುರದ ಕೆಂಪು ಬಾಳೆ ಹೋಯಿತು, ತುಪ್ಪ ಶಹಾಬಜಾರದಲ್ಲೇ ಉಳಿಯಿತು. ಅದನ್ನು ತಿಂದವರು ಯಾರು ಎಂದು ಬರೆಯುವುದಿಲ್ಲ.

ಇಷ್ಟು ಬಿಗಿ ಯಾಕೆ ಎಂದು ಆ ತಾಯಿ ಕೇಳಿದರು. ನೀವೂ ತಿಳಿದಿರಿ. ಕಾಲುಬಾಯಿ ರೋಗ ನಮ್ಮಲ್ಲಿ ಇದೆ, ಅಲ್ಲಿ ಸಾಮಾನ್ಯವಾಗಿ ಇಲ್ಲ. ನಾವು 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆರು ತಿಂಗಳಿಗೊಮ್ಮೆ ಲಸಿಕೆ ಹಾಕಿ ಅದನ್ನು ಹತ್ತಿಕ್ಕುತ್ತಿದ್ದೇವೆ. ಅವರು ನಮ್ಮ ಹಾಗೆ ನಿಯಮಿತವಾಗಿ ಲಸಿಕೆ ಹಾಕುವುದಿಲ್ಲ, ಆದ್ದರಿಂದ ಒಂದು ಕಡೆ ಬಂದರೂ ಬೆಂಕಿಯ ಹಾಗೆ ಹಬ್ಬುತ್ತದೆ. 2001ರಲ್ಲಿ ಬ್ರಿಟನ್ನಿನಲ್ಲಿ ಬಂದಾಗ 60 ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಂದು ಹಾಕಬೇಕಾಯಿತು. 2025ರ ಜನವರಿಯಲ್ಲಿ ಜರ್ಮನಿಯ ಬರ್ಲಿನ್ ಹತ್ತಿರ ಮತ್ತೆ ಕಾಣಿಸಿಕೊಂಡಿತು, 1988ರ ನಂತರ ಆ ದೇಶದಲ್ಲಿ ಅದೇ ಮೊದಲು. ಬಂದದ್ದು ಯಾವುದಕ್ಕೆ ಗೊತ್ತೇ? ಹದಿನಾಲ್ಕು ಎಮ್ಮೆಗಳ ಒಂದು ಹಿಂಡಿಗೆ. ಎಮ್ಮೆ ಸಾಕಿದ ನಿಮಗೆ ಆ ಮನೆಯವರ ಹೊಟ್ಟೆಯುರಿ ನಾನು ಬಿಡಿಸಿ ಹೇಳಬೇಕಿಲ್ಲ. ಈ ರೋಗದ ವೈರಸ್ಸು ಬೂಟಿನ ಅಡಿಗೆ ಅಂಟಿದ ಸಗಣಿಯಲ್ಲಿ, ಬಟ್ಟೆಯಲ್ಲಿ ಕುಳಿತು ದೂರ ಹೋಗಬಲ್ಲದು.

ಆದ್ದರಿಂದ ಫಾರ್ಮು ನೋಡಲು ಹೋಗುವ ಮಗಳು ಕೊಟ್ಟಿಗೆಗೆ ಹಾಕಿಕೊಂಡ ಚಪ್ಪಲಿ, ಬೂಟು ಒಯ್ಯಬಾರದು. ಹೊಸದು ಬೇಡ, ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿದ ಕಾಲೇಜಿನ ಬೂಟು ಸಾಕು. ವಿಮಾನದಲ್ಲೋ ನಿಲ್ದಾಣದಲ್ಲೋ ‘ಇತ್ತೀಚೆಗೆ ದನಗಳ ಹತ್ತಿರ ಇದ್ದೆಯಾ’ ಎಂದು ಕೇಳಿದರೆ ಹೌದು ಎಂದೇ ಬರೆಯಲಿ. ನಿಜ ಬರೆದರೆ ಬೂಟು ತೊಳೆಸಿ ಬಿಡುತ್ತಾರೆ, ಸುಳ್ಳು ಬರೆದರೆ ತಪ್ಪು. ಹೊರಡುವ ಒಂದು ವಾರ ಮೊದಲೇ ಹಿಂಡುವುದು, ಸಗಣಿ ಬಳಿಯುವುದು ಬಿಟ್ಟು ಪಟ್ಟಣದ ರೂಮಿನಲ್ಲೇ ಇರಲಿ. ವಾಪಸು ಬಂದ ಮೇಲೂ ಇಷ್ಟೇ ಎಚ್ಚರ, ಅಲ್ಲಿನ ಫಾರ್ಮಿನಲ್ಲಿ ಹಾಕಿದ ಬಟ್ಟೆ ತೊಳೆಯದೆ ನಿಮ್ಮ ಎಮ್ಮೆಯ ಹತ್ತಿರ ತರಬಾರದು.

ಒಂದು ವಾರ ಹಿಂಡುವುದು ಬಿಡಬೇಕು ಎಂದ ಕೂಡಲೇ ಮನೆಯಲ್ಲಿ ಮಾತು ಏಳುತ್ತದೆ. ಹಾಗಾದರೆ ಎಮ್ಮೆ ಯಾರು ಹಿಂಡಬೇಕು? ನಾನು ಗಮನಿಸಿದ್ದೇನೆ, ಮಗ ಪ್ರವಾಸಕ್ಕೆ ಹೊರಟಾಗ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಮಗಳು ಹೊರಟಾಗ ಮೊದಲ ಪ್ರಶ್ನೆಯೇ ಇದು. ಉತ್ತರ ಸುಲಭ. ಮನೆಯಲ್ಲಿ ಕೈ ಇರುವವರು ಹಿಂಡಬೇಕು. ಎಮ್ಮೆಗೆ ಕೈ ಬದಲಾದರೆ ನಾಲ್ಕು ದಿನ ಸೊರೆ ಬಿಡುವುದು ಕಡಿಮೆ ಮಾಡುತ್ತದೆ, ಅದು ನಿಜ. ಅದಕ್ಕೆ ಹದಿನೈದು ದಿನ ಮೊದಲೇ ಅಪ್ಪನೋ ಅಣ್ಣನೋ ಮಗಳ ಪಕ್ಕ ಕುಳಿತು ಹಿಂಡಲು ಶುರು ಮಾಡಲಿ, ಎಮ್ಮೆಗೂ ಅಭ್ಯಾಸವಾಗುತ್ತದೆ, ಅವರಿಗೂ.

ಹೋದವಳು ಅಲ್ಲಿ ಏನು ನೋಡಿ ಬರಬೇಕು ಎಂಬುದನ್ನೂ ನೀವೇ ಹೇಳಿ ಕಳಿಸಿ. ಅಲ್ಲಿ ಒಂದು ಮನೆಯವರು ನೂರಾರು ಆಕಳು ಹಿಂಡುತ್ತಾರೆ, ಯಂತ್ರ ಹಿಂಡುತ್ತದೆ. ಆ ಯಂತ್ರ ನೋಡಿ ಬಾಯಿ ಬಿಟ್ಟು ಬಂದರೆ ಎರಡು ಎಮ್ಮೆಯ ನಮ್ಮ ಮನೆಗೆ ಅದರಿಂದ ಏನೂ ಇಲ್ಲ. ಡೆನ್ಮಾರ್ಕಿಗೆ ಹೋದರೆ ಸಹಕಾರ ಸಂಘ ನೋಡಲಿ. 1882ರಲ್ಲಿ ಅಲ್ಲಿನ ಹೆಡಿಂಗ್ ಎಂಬ ಹಳ್ಳಿಯ ರೈತರು ಸೇರಿ ಆ ದೇಶದ ಮೊದಲ ಸಹಕಾರಿ ಡೇರಿ ಕಟ್ಟಿದರು, ನಮ್ಮ ಹಳ್ಳಿಯ ಸಂಘದ ಹಿರಿಯಕ್ಕ ಎನ್ನಬಹುದು. ಆದರೆ ಅಲ್ಲಿ ಇನ್ನೊಂದು ಕಥೆಯೂ ಇದೆ. ಅದಕ್ಕೂ ಮೊದಲು ಮನೆಮನೆಯಲ್ಲಿ ಬೆಣ್ಣೆ ಕಡೆಯುತ್ತಿದ್ದವರು, ಹಾಲಿನ ಕೆಲಸ ಬಲ್ಲವರು ಹೆಂಗಸರು. ಡೇರಿ ಕಾರ್ಖಾನೆಗಳು ಬಂದ ಮೇಲೆ ಆ ಕೆಲಸ ನಿಧಾನವಾಗಿ ಗಂಡಸರ ಕೈಗೆ ಹೋಯಿತು. ನ್ಯೂಜಿಲೆಂಡಿನ ಫಾಂಟೆರಾ ಕಂಪನಿಯೂ ರೈತರದೇ ಸಹಕಾರಿ. ಇಂಥ ಕಡೆಗಳಲ್ಲಿ ಆಡಳಿತ ಮಂಡಳಿಯಲ್ಲಿ ಎಷ್ಟು ಜನ ಹೆಂಗಸರಿದ್ದಾರೆ, ಹಾಲಿನ ದರ ಯಾರು ಕಟ್ಟುತ್ತಾರೆ, ದರ ಬಿದ್ದ ವರ್ಷ ರೈತನಿಗೆ ಏನು ಮಾಡುತ್ತಾರೆ ಎಂದು ಕೇಳಿ ಬರೆದುಕೊಂಡು ಬರಲಿ. ಬಂದ ಮೇಲೆ ಊರಿನ ಸಂಘದ ಕಟ್ಟೆಯ ಮೇಲೆ ನಿಂತು ಹತ್ತು ನಿಮಿಷ ಹೇಳಲಿ. ಯುರೋಪಿಗೆ ಹೋಗಿಬಂದ ಹುಡುಗಿ ಹೀಗೆ ಹೇಳಿದಳು. ಸಂಜೆ ಹಾಲು ಹಾಕಲು ಬಂದವರು ಕ್ಯಾನ್ ಕೆಳಗಿಟ್ಟು ಕೇಳಿದರು. ಎಲ್ಲರೂ ಮೊದಲು ಕೇಳಿದ್ದು ಅಲ್ಲಿನ ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು. ಅವಳು ಹತ್ತು ದಿನದಲ್ಲಿ ಒಂದು ಎಮ್ಮೆಯನ್ನೂ ನೋಡಿರಲಿಲ್ಲ!

ಕೊನೆಗೆ ಒಕ್ಕೂಟದ ಹಿರಿಯರಿಗೂ ಒಂದು ಮಾತು, ಅವರೂ ಈ ಪತ್ರಿಕೆ ಓದುತ್ತಾರೆ. ಉತ್ಪಾದಕರನ್ನು ಬೇರೆ ಕಡೆಯ ಡೇರಿ, ಸಂಘ ನೋಡಲು ಅಧ್ಯಯನ ಪ್ರವಾಸಕ್ಕೆ ಕಳಿಸುವ ಪದ್ಧತಿ ಹಾಲಿನ ಸಂಘಗಳಲ್ಲಿ ಇದ್ದೇ ಇದೆ. ಆ ಬಸ್ಸಿನಲ್ಲಿ ಕಾಲೇಜು ಓದುವ ಸದಸ್ಯರ ಹೆಣ್ಣುಮಕ್ಕಳಿಗೆ ನಾಲ್ಕು ಸೀಟು ಇಡಲಿ. ಆನಂದಕ್ಕೆ ಹೋದರೆ ಇನ್ನೂ ಒಳ್ಳೆಯದು, ಪಾಸ್‌ಪೋರ್ಟು ಬೇಡ, ತುಪ್ಪದ ಡಬ್ಬಿಗೂ ಅಡ್ಡಿಯಿಲ್ಲ. ಮನೆಯಿಂದ ಮೊದಲ ಸಲ ದೂರ ಹೋಗುವ ಹುಡುಗಿಗೆ ಅದೇ ಒಳ್ಳೆಯ ತಾಲೀಮು. ಹೊರದೇಶಕ್ಕೆ ಹೋಗಲು ನಿಜವಾದ ಅವಕಾಶ ಸಿಕ್ಕ ಸದಸ್ಯರ ಮಗಳಿಗೆ ಸಂಘದ ಲಾಭದಿಂದ ಒಂದಿಷ್ಟು ನೆರವು ಕೊಡಲಿ, ಬಂದ ಮೇಲೆ ಊರಿನ ಸಂಘದಲ್ಲಿ ಒಂದು ವರ್ಷ ಲೆಕ್ಕಕ್ಕೋ ಪಶು ಆರೋಗ್ಯ ಶಿಬಿರಕ್ಕೋ ಕೈಜೋಡಿಸುವಂತೆ ಅವಳಿಂದ ಬರೆಸಿಕೊಳ್ಳಲಿ. ಕುರಿಯನ್ನರಿಂದ ಸರಕಾರ ಬರೆಸಿಕೊಳ್ಳಲಿಲ್ಲವೇ, ಹಾಗೆ.

ಇದು ಸಂಘದ ಸರ್ವಸದಸ್ಯರ ಸಭೆಯಲ್ಲಿ ಎತ್ತಬೇಕಾದ ವಿಷಯ. ಸದಸ್ಯತ್ವ ನಿಮ್ಮ ಹೆಸರಿನಲ್ಲಿದ್ದರೆ ಮಾತಾಡುವ ಹಕ್ಕೂ ನಿಮ್ಮದು. ಸಭೆಯ ನೋಟಿಸು ಬಂದ ದಿನವೇ ಕಾರ್ಯದರ್ಶಿಗೆ ಒಂದು ಅರ್ಜಿ ಬರೆದುಕೊಡಿ, ಬರೆಯಲು ಬರದಿದ್ದರೆ ಮಗಳಿಂದಲೇ ಬರೆಸಿ. ಕಾಲೇಜಿನ ಪಾಲಕರ ಸಭೆ ಇದ್ದರೆ ಬೆಳಗಿನ ಹಾಲು ಹಾಕಿದ ಮೇಲೆ ಕಮಲಾಪುರದಿಂದ ಬಸ್ಸು ಹತ್ತಿದರೂ ಹತ್ತೂವರೆಯೊಳಗೆ ಕಲಬುರಗಿಯಲ್ಲಿರುತ್ತೀರಿ, ಸಂಜೆಯ ಹಿಂಡುವ ಹೊತ್ತಿಗೆ ಮನೆಗೆ ವಾಪಸು. ಹೋಗುವಾಗ ಪಾಸ್‌ಬುಕ್ ಜೊತೆಗಿರಲಿ.